ಒಳಗ ಯಾರರ ಅದೀರೇನು?

ರಾಣೆಬೆನ್ನೂರು
೯ ಮಾರ್ಚ್ ೧೯೯೮

ಬ್ಯಾಡಗಿಯ ಎಂಜಿನಿಯರ್ ಸಾಹೇಬರಿಗೆ ಅವರ ಹೆಂಡತಿಯ ಸಲಾಂ.

ಉರ್ದುವಿನಲ್ಲಿ ಬರೆದರೆ ಈ ಪತ್ರವನ್ನು ನಿಮಗಿಂತ ಮೊದಲು ಅತ್ತೆಯವರೇ ಓದಿ ಮುಗಿಸಿರುತ್ತಾರೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ನನ್ನ ಸಲಾಂ ಮಾತ್ರ ತಪ್ಪದೆ ಹೇಳಿ.

ನಮ್ಮ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆಂದು ನೀವು ಬರೆದ ಕೋಲ್ಡ್ ರೂಮಿನ ನಕ್ಷೆ ತಲುಪಿತು. ಸುರುಳಿ ಬಿಚ್ಚಿ ಹಿಂದೆ ಮುಂದೆ ತಿರುಗಿಸಿ ನೋಡಿದೆ. ದೊಡ್ಡ ಡಾಕ್ಟರ್ ಮಲ್ಲಿಕಾರ್ಜುನ ಅವರಿಗೆ ನಮಸ್ಕಾರ ಬರೆದಿದ್ದೀರಿ, ಗೋಡೆಯ ದಪ್ಪ ಬರೆದಿದ್ದೀರಿ, ನನಗೆ ಒಂದಕ್ಷರ ಇಲ್ಲ. ಆ ವಿಭಾಗದ ಡಾಕ್ಟರು ನಾನೇ ಎಂಬುದು ತಮಗೆ ನೆನಪಾಗಲಿಲ್ಲವೇನೋ! ಇರಲಿ, ಕೆಲಸದ ಮಾತಿಗೆ ಬರುತ್ತೇನೆ.

ಹೋದ ವಾರ ಗುತ್ತಲದ ಅಜ್ಜಪ್ಪ ಎಂಬ ಹಿರಿಯರು ನಮ್ಮಲ್ಲಿ ತೀರಿಕೊಂಡರು. ಮಗಳು ಪ್ರೇಮವ್ವ ಮುಂಬಯಿಯಿಂದ ಬರಬೇಕಿತ್ತು. ಐಸ್ ಗಡ್ಡೆಗಳ ನಡುವೆ ಇಟ್ಟು ಕಾದೆವು. ಈ ಬಿಸಿಲಿಗೆ ಐಸ್ ಎಲ್ಲಿ ನಿಲ್ಲುತ್ತದೆ? ಆಕೆ ಬರುವ ಮೊದಲೇ ಮಣ್ಣು ಮಾಡಬೇಕಾಯಿತು. ಕೈಯಲ್ಲಿ ಚೀಲ ಹಿಡಿದುಕೊಂಡೇ ನನ್ನೆದುರು ನಿಂತು, “ಒಂದ್ ಸಲ ಮುಖಾ ನೋಡಾಕ ಸಿಗಲಿಲ್ಲಲ್ಲರೀ ಬಾಯಾರ” ಎಂದಳು. ಅವತ್ತು ನನಗೆ ಊಟ ಸೇರಲಿಲ್ಲ. ಈ ಕೋಣೆ ನನಗೆ ಯಾಕೆ ಬೇಕೆಂದು ಈಗ ತಿಳಿಯಿತಲ್ಲ.

ಆದರೆ ನೀವು ನಿಮ್ಮ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜನ್ನೇ ಸಣ್ಣದು ಮಾಡಿ ಕಳಿಸಿದ್ದೀರಿ! ಗೋಡೆಯಿಂದ ಗೋಡೆಗೆ ಬರೀ ಹಲಗೆ. ಚೀಲಗಳಿಗೆ ಅದು ಸರಿ. ಇಲ್ಲಿ ಮಲಗಿದವರ ಪಕ್ಕದಲ್ಲಿ ಇಬ್ಬರಾದರೂ ನಿಂತು ಅಳಲು ಜಾಗ ಬೇಕು. ನಿಮ್ಮಲ್ಲಿ ಸುಗ್ಗಿಯಲ್ಲಿ ತುಂಬಿ ಬಾಗಿಲು ಹಾಕಿದರೆ ಮುಗಿಯಿತು. ನಾವು ದಿನಕ್ಕೆ ಹತ್ತಾರು ಸಲ ತೆರೆಯುವವರು, ಮುಂದೊಂದು ಸಣ್ಣ ಪಡಸಾಲೆ ಇಲ್ಲದಿದ್ದರೆ ಇದ್ದ ತಂಪೆಲ್ಲ ಹೊರಗೆ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಚಿಲಕ. ಹೊರಗೆ ಮಾತ್ರ ಇಟ್ಟಿದ್ದೀರಿ, ಒಳಗಿಲ್ಲ. ಯಾಕೆಂದು ನನಗೆ ಗೊತ್ತು. ನಿಮ್ಮ ಹಮಾಲರು ಬಾಗಿಲು ಮುಚ್ಚುವ ಮುಂಚೆ ಕತ್ತಲೊಳಗೆ ಮುಖ ಹಾಕಿ, “ಒಳಗ ಯಾರರ ಅದೀರೇನು?” ಎಂದು ಮೂರು ಸಲ ಕೂಗುತ್ತಾರೆ. ಮದುವೆಯಾದ ಹೊಸದರಲ್ಲಿ ನೀವೇ ಕರೆದುಕೊಂಡು ಹೋಗಿ ತೋರಿಸಿದ್ದಿರಿ. ಆ ರೂಢಿಯ ಮೇಲೆ ಭರವಸೆಯಿಟ್ಟು ಒಳಚಿಲಕ ಬಿಟ್ಟಿದ್ದೀರಿ. ನಮ್ಮ ಕಾವಲಿನ ಶಮಶೇರಸಾಬರಿಗೆ ಇದನ್ನು ಹೇಳಿದೆ. ಅವರು ಗಡ್ಡ ಕೆರೆದುಕೊಂಡು, “ಇಲ್ಲಿ ನಾ ಕೂಗಿದ್ರ ಓ ಅನ್ನೋರು ಯಾರದಾರ್ರಿ ಬಾಯಾರ? ಯಾರರ ಓ ಅಂದ್ರ ನಾ ನಮ್ಮೂರು ಕರ್ಜಗಿ ಮುಟ್ಟೂತನಕಾ ಹಿಂದ ತಿರುಗಿ ನೋಡಂಗಿಲ್ಲ” ಎಂದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಮನೆಗೆ ಬಂದ ಮೇಲೆ ಅಳು ಬಂತು. ಹೇಳಿಯೇ ಬಿಡುತ್ತೇನೆ. ಈದ್ ಮರುದಿನ ನೀವು ನನ್ನ ಈ ಬಾಡಿಗೆ ಮನೆಯ ತನಕ ಬಂದಿದ್ದಿರಿ. ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಸುರಕುಂಬಾ ಪಾಯಸದ ಡಬ್ಬಿ ಇಟ್ಟು, ಸ್ವಲ್ಪ ಹೊತ್ತು ನಿಂತು ಹೋದಿರಿ. ನಿಮ್ಮ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇ? ಈಗ ಕರೆಯುತ್ತೀರಿ, ಈಗ ಕರೆಯುತ್ತೀರಿ ಎಂದು ಒಳಗೆ ನಿಂತೇ ಇದ್ದೆ. ಮೆಣಸಿನಕಾಯಿ ಚೀಲಗಳ ನಡುವೆ ಯಾರಾದರೂ ಉಳಿದಾರೆಂದು ಮೂರು ಸಲ ಕೂಗಿಸುವ ಮನುಷ್ಯ, ಹೆಂಡತಿಯನ್ನು ಒಂದು ಸಲ ಕೂಗಲಿಲ್ಲ.

ನೌಕರಿ ಬಿಟ್ಟು ಬಾ ಎಂದು ನೀವು ಹೇಳಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ. ಬಿಡುವುದಿಲ್ಲ. ಆದರೆ ಹೆಣದ ಕೋಣೆಯ ಕೆಲಸ ಹೆಂಗಸಿಗಲ್ಲ ಎಂದವರೇ ಅದೇ ಕೋಣೆಗೆ ಇಷ್ಟು ನೀಟಾಗಿ ಗೆರೆ ಎಳೆದು ಕಳಿಸಿದಿರಲ್ಲ, ಅದನ್ನು ನೋಡಿ ಅರ್ಧ ಸಿಟ್ಟು ಇಳಿಯಿತು. ಬ್ಯಾಡಗಿಗೂ ಇಲ್ಲಿಗೂ ರೈಲಿದೆ. ಒಬ್ಬರು ಹತ್ತಿ ಒಬ್ಬರು ಇಳಿದರೂ ಸಂಸಾರ ನಡೆದೀತು. ಅತ್ತೆಯವರನ್ನು ಒಪ್ಪಿಸುವುದು ನನಗೆ ಬಿಡಿ.

ಬರುವ ಭಾನುವಾರ ಆಸ್ಪತ್ರೆಯ ಟ್ರಸ್ಟಿನ ಹಿರಿಯರು ಕೂಡುತ್ತಾರೆ. ನೀವೇ ಎದುರು ನಿಂತು ನಕ್ಷೆ ತಿದ್ದಿ ಕೊಡದಿದ್ದರೆ ಕೋಣೆ ಆಗುವುದಿಲ್ಲ. ಸುಗ್ಗಿ, ಲಾರಿ, ಹಮಾಲರು ಎಂದು ನೆಪ ಹೇಳಬೇಡಿ. ಮೊದಲು ಮನೆಗೆ ಬನ್ನಿ. ಬಾಗಿಲಲ್ಲಿ ನಿಂತು ಕೆಮ್ಮಬೇಡಿ, ಬಾಯಿ ಬಿಟ್ಟು ಕರೆಯಿರಿ. ನಾನು ಓ ಅನ್ನುತ್ತೇನೆ.

ನಿಮ್ಮ
ಸಕೀನಾ

ತಾ.ಕ.: ಅಂಚೆಗೆ ಹಾಕುವ ಮುಂಚೆ ಖರೇ ಹೇಳಿಬಿಡುತ್ತೇನೆ. ನಕ್ಷೆ ಮೊನ್ನೆ ಶನಿವಾರವೇ ಪಾಸಾಗಿದೆ. ಒಳಚಿಲಕ, ಪಡಸಾಲೆ, ಇಬ್ಬರು ನಿಲ್ಲುವ ಜಾಗ ಎಲ್ಲವನ್ನೂ ನಾನೇ ಕೆಂಪು ಪೆನ್ಸಿಲಿನಿಂದ ಎಳೆದು ಹಿರಿಯರಿಗೆ ತಿಳಿಸಿ ಹೇಳಿ ಒಪ್ಪಿಸಿದ್ದೇನೆ. ಭಾನುವಾರ ನಿಮಗೆ ಇಲ್ಲಿ ಯಾವ ಕೆಲಸವೂ ಇಲ್ಲ. ಆದರೂ ಬರ್ರಿ.