ಗುಂಡಕ್ಷರಕ್ಕೆ ಸರಿಯಾದ ಜಾಗ

14 ಅಕ್ಟೋಬರ್ 2025, ಮಂಗಳವಾರ, ಅರಕಲಗೂಡು

ನನ್ನ ಗುಂಡಕ್ಷರ ಇವತ್ತು ತಪ್ಪು ಜಾಗದಲ್ಲಿ ಕೂತಿತ್ತು. ಕೂರಿಸಿದವನು ನಾನೇ.

ಮೂರು ತಿಂಗಳು ಕಂಪ್ಯೂಟರಿನಲ್ಲಿ ನಾನೇ ಬರೆದ ಫಾಂಟ್ ಅದು. ದಪ್ಪ, ಹೊಟ್ಟೆ ಉಬ್ಬಿರುತ್ತೆ, ಕುಣಿಯೋ ಹಾಗೆ ವಾಲಿಕೊಂಡಿರುತ್ತೆ. ಸ್ಕೂಲಲ್ಲಿ ಒಂದು ವಾರ ನೆಟ್ಟಗೆ ಕೂರದೆ ಬಿಟ್ಟುಬಂದವನು ಇದಕ್ಕೆ ಕೂತಿದ್ದೆ. ದೊಡ್ಡ ಫ್ಲೆಕ್ಸಿನಲ್ಲಿ ನೋಡೋ ಆಸೆಗೆ, ರುದ್ರಪಟ್ಟಣದ ಸಂಪತ್ಕುಮಾರ್ ಸರ್ ತಮ್ಮ ತಂದೆಯ ನೆನಪಿಗೆ ಇಟ್ಟುಕೊಂಡಿರುವ ಸಂಗೀತ ಕಛೇರಿಯ ಬ್ಯಾನರಿಗೆ ಅದನ್ನೇ ಹಾಕಿದೆ. ಅವರು ಮೊಬೈಲಲ್ಲಿ ನೋಡಿ ಓಕೆ ಅಂದರು. ಪ್ರಿಂಟ್ ಮಾಡಿ ನೆಲಕ್ಕೆ ಹಾಸಿದಾಗ, ತೀರಿಹೋದ ವಿದ್ವಾಂಸರ ಹೆಸರು ಹುಟ್ಟುಹಬ್ಬದ ಬಲೂನಿನ ಹಾಗೆ ಕಂಡಿತು.

"ಓಕೆ ಅಂದವ್ರೆ ಕಣ್ಲಾ, ಸುತ್ತಿ ಕಳ್ಸು. ನಿಂಗ್ಯಾಕೆ ಇಲ್ದಿದ್ ಉಸಾಬರಿ?" ಅಂದರು ನಮ್ಮ ಫ್ಲೆಕ್ಸ್ ಅಂಗಡಿ ಓನರ್ ಅನಿಲಣ್ಣ.

ಮನಸ್ಸು ಒಪ್ಪಲಿಲ್ಲ. ಸಂಪತ್ಕುಮಾರ್ ಸರ್‌ಗೆ ಫೋನ್ ಮಾಡಿ, "ಸರ್, ನನ್ನ ಆಸೆಗೆ ಹಾಕಿಬಿಟ್ಟೆ, ಅದು ಸರಿಯಿಲ್ಲ. ಬಂದು ನೋಡಿ" ಅಂದೆ.

ಸಂಜೆ ಬಂದು ಬಹಳ ಹೊತ್ತು ನೋಡಿದರು. "ನಮ್ಮಪ್ಪ ಇದ್ದಿದ್ರೆ ನಗ್ತಿದ್ರು. ಆದ್ರೆ ಅವರ ಶಿಷ್ಯರು ನಗಬಾರ್ದಲ್ಲಪ್ಪ. ಹೆಸರನ್ನ ಬೇರೆ ಅಕ್ಷರದಲ್ಲಿ ಮಾಡು. ಇದನ್ನ ಊಟಕ್ಕೆ ದಾರಿ ತೋರಿಸೋ ಬೋರ್ಡಿಗೆ ಹಾಕು, ದೂರಕ್ಕೆ ಕಾಣತ್ತೆ."

ಬೇಜಾರಾಯಿತು, ವೇದಿಕೆಯಿಂದ ಇಳಿಸಿ ಅಡುಗೆಮನೆಗೆ ಕಳಿಸಿದ ಹಾಗೆ. ಹೆಸರನ್ನು ನೆಟ್ಟಗಿನ ತೆಳು ಅಕ್ಷರದಲ್ಲಿ ಮಾಡಿ ಮುಗಿಸಿ, 'ಊಟ ಈ ಕಡೆ' ಅಂತ ಟೈಪ್ ಮಾಡಿದೆ. ಎರಡನೇ ಸಲ ಪಾಯಸ ಹಾಕಿಸಿಕೊಂಡವರ ಹಾಗೆ 'ಊ' ಹೊಟ್ಟೆ ಬಿಟ್ಟುಕೊಂಡು ಕೂತಿತು. ಅನಿಲಣ್ಣನೂ ನಕ್ಕುಬಿಟ್ಟರು.

'ಟ' ಮಾತ್ರ ಇನ್ನೂ ಬಡಕಲು. ಅದಕ್ಕೂ ನಾಳೆ ಸ್ವಲ್ಪ ಬಡಿಸಬೇಕು.