ಪಟ್ಟಿಯೊಳಗಿನ ಭಂಡಾರ

ಗೋಕಾಕ, ೧೯೬೧

ಅವ್ವಾ,

ಇವತ್ತು ಬಾಜೂಮನೆಯ ಗಫಾರ ಕಾಕಾನನ್ನು ನೋಡಲು ನೀನಿದ್ದ ಅದೇ ದವಾಖಾನೆಗೆ ಹೋಗಿದ್ದೆ. ವಾಂತಿಭೇದಿಯಿಂದ ಸೊರಗಿದ್ದಾನೆ. ನಿನಗೆ ಮಾಡಿದ್ದಂತೆಯೇ ಪಾದದ ನರ ಕೊಯ್ದು ಸಲಾಯಿನ್ನಿನ ನಳಿಗೆ ಸೇರಿಸಿದ್ದಾರೆ. ಸಾಯಿರಾಬಿ ಚಾಚಿ ದರ್ಗಾದ ಬೂದಿ ತಂದು, ಗಾಯಕ್ಕೆ ಹಚ್ಚಲೆಂದು ಪಟ್ಟಿ ಸರಿಸುತ್ತಿದ್ದಳು. ನರ್ಸಬಾಯಿ ಬಂದು ಕೈ ಹಿಡಿದಳು.

"ದೇವರದು ಹಣಿಗೆ ಹಚ್ಚರಿ. ಇಲ್ಲಿ ಹಚ್ಚಿದ್ರ ನಂಜು ನೇರ ರಕ್ತಕ್ಕ ಹೋಗತೈತಿ. ನಾವ ಸಾಬೂನು ಹಚ್ಚಿ ಕೈ ತೊಳೀದ ಮುಟ್ಟಂಗಿಲ್ಲ."

"ದೇವರ ಬೂದಿಗೂ ನಂಜ ಇರತೈತೇನ್ರಿ ಬಾಯಿ?"

"ದೇವರಿಗಿಲ್ಲ ಚಾಚಿ, ನಮ್ಮ ಬೆರಳಿಗೈತಿ. ಹೋದ ವರ್ಷ ತುಕ್ಕಾನಟ್ಟಿಯ ಒಬ್ಬಾಕಿಗೆ ಯಾರೋ ಪಟ್ಟಿ ಒಳಗ ಗುಡಿಯ ಭಂಡಾರದ ಅರಿಷಿಣ ಹಚ್ಚಿದ್ರು. ಭೇದಿ ನಿಂತು ಮನಿಗೆ ಹೋಗಾಕಿ ಇದ್ಲು. ಚಳಿಜ್ವರ ಬಂತು, ಉಳೀಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ನೀ ಕಲಿತಾವ ಕಾಣತಿ, ನೀನರ ತಿಳಿಸಿ ಹೇಳಪ್ಪ" ಎಂದಳು. ನನ್ನ ಗುರುತು ಅವಳಿಗೆ ಹತ್ತಿರಲಿಲ್ಲ. ನೀನು ಅಲ್ಲಿ ಮಲಗಿದ್ದಾಗೆಲ್ಲ ನಾನು ಸಂಕೋಚದಿಂದ ಪಡಸಾಲೆಯಲ್ಲೇ ಕೂಡುತ್ತಿದ್ದೆನಲ್ಲ. ಚಾಚಿಯ ಕೈಯ ಬೂದಿ ತೆಗೆದುಕೊಂಡು ಕಾಕಾನ ಹಣೆಗೆ ಹಚ್ಚಿದೆ.

ಅಂದು ನಾನು ನಿನ್ನ ಪಟ್ಟಿ ಎತ್ತಿ ಭಂಡಾರ ಹಚ್ಚಿದಾಗ, "ಈಗ ಆರಾಮ ಆತು ನೋಡ" ಎಂದಿದ್ದೆ ನೀನು. ಮೂರನೆಯ ದಿನ ಡಾಕ್ಟರು, ಇದನ್ನು ಹಚ್ಚಿದವರು ಯಾರು ಎಂದು ಕೇಳಿದರು. ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ನೀನು ನನ್ನ ಕಡೆ ನೋಡಲಿಲ್ಲ. "ಯಾರೋ ಹಚ್ಚಿದ್ರರಿ" ಎಂದೆ ನೀನು.

ಆ 'ಯಾರೋ' ಇನ್ನೂ ಆ ವಾರ್ಡಿನಲ್ಲಿದ್ದಾನೆ, ಅವ್ವಾ. ಇವತ್ತೂ ನಾನು ಅವನ ಹಿಂದೆಯೇ ಅಡಗಿ ನಿಂತು ಬಂದೆ.

ಕೇದಾರಿ