ಗಾಡಿ ಕೆಟ್ಟ ಭಾನುವಾರ

ಶನಿವಾರ, ೧೯ನೇ ತಾರೀಖು
ಮಧ್ಯಾಹ್ನ, ಗಾಡಿಮನೆಯ ಒಳಗಿನಿಂದ

ಚಿರಂಜೀವಿ ಮಗಳೇ,

ಅಲ್ಲ, ವಾಲ್ವು ಒಂದಲ್ಲ, ಎರಡು. ನಿನ್ನೆ ಫೋನಿನಲ್ಲಿ ನೀನು "ಒಂದು ವಾಲ್ವು ಸರಿಮಾಡ್ಸೋಕೆ ಮೂರು ವಾರ ಬೇಕೇನಪ್ಪಾ?" ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಮನೆಯ ಕುಕ್ಕರ್ ಕೂಗಿತು, ನೀನು ಫೋನಿಟ್ಟೆ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಉಳಿದುಹೋಯಿತು, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಒಂದು ವಾಲ್ವು ಪಾಯಿಖಾನೆಯ ಟ್ಯಾಂಕಿನದು. ಇನ್ನೊಂದು ಮೈ ತೊಳೆದ, ಪಾತ್ರೆ ತೊಳೆದ ನೀರಿನ ಟ್ಯಾಂಕಿನದು. ಎರಡೂ ಗಾಡಿಯ ಹೊಟ್ಟೆಯ ಕೆಳಗೆ ಪಕ್ಕಪಕ್ಕದಲ್ಲಿ, ಮಾತು ಬಿಟ್ಟ ಓರಗಿತ್ತಿಯರ ಹಾಗೆ ಬಿಗಿದುಕೊಂಡು ಕೂತಿದ್ದವು. ಅಡಿಗೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಮನೆಯಂಥ ಗಾಡಿ, ಎರಡು ವರ್ಷ ನಿಂತಲ್ಲೇ ನಿಂತರೆ ಇನ್ನೇನಾಗುತ್ತದೆ?

ನೀವೆಲ್ಲ ಹೇಗಿದ್ದೀರಿ? ಅಳಿಯಂದಿರ ಬೆನ್ನುನೋವು ಇಳಿಯಿತೇ? ಚಿಕ್ಕದಕ್ಕೆ ಮುಂದಿನ ಹಲ್ಲು ಬಂತೇ? ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ, ಅಂಥ ವಿಷಯ ಬರೆದೇ ತೀರಿಸೋಣ ಎಂದವಳು ನೀನೇ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಮನಸ್ಸು ಗಟ್ಟಿಯಾಗಿರುತ್ತದೆ ಎಂದುಕೊಂಡು "ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಐ ಬೆಗ್ ಟು ಸ್ಟೇಟ್" ಎಂದು ಬರೆದೆ. ಸ್ಟೇಟ್ ಮಾಡಬೇಕಾದದ್ದು ಬರಲಿಲ್ಲ. ಹಾಳೆ ಹರಿದೆ. ಹೀಗೆ ನಾಲ್ಕು ಹಾಳೆ.

ನಿನ್ನ ಪತ್ರವನ್ನು ಗಾಡಿಯ ಬಾಗಿಲಲ್ಲಿ ನಿಂತೇ ಓದಿದೆ. ಎರಡು ವರ್ಷದಿಂದ ಈ ಗಾಡಿಯ ಕಡೆ ತಿರುಗಿ ನೋಡದವಳು, ಮನೆಗೆ ಬಂದಾಗಲೂ ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದಲೇ ಹೋದವಳು, "ರಜೆಯಲ್ಲಿ ಮಗಳನ್ನು ಕರೆದುಕೊಂಡು ನಿನ್ನ ಜೊತೆ ಗಾಡಿಯಲ್ಲಿ ಬರುತ್ತೇನೆ" ಎಂದು ಬರೆದಿದ್ದೆ. ಆ ಸಾಲನ್ನು ಮೂರು ಸಲ ಓದಿ ಆಮೇಲೆ ಮುಂದಿನ ಸಾಲಿಗೆ ಇಳಿದೆ. ಕೆಳಗೆ ನಿನ್ನ ಷರತ್ತಿತ್ತು. "ಅಮ್ಮನನ್ನು ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಬೇಕಾಗಿದ್ದಾಗ, ಭಾನುವಾರ ಕೈಕೊಟ್ಟ ಗಾಡಿ ಅದು. ಅವತ್ತು ಯಾರೋ ಮೆಕ್ಯಾನಿಕ್ ಏನೋ ಮಾಡಿ ಹೋದ ಅಂದಿದ್ದೆ, ಅದನ್ನು ನಂಬಲಾರೆ. ಏನು ಕೆಟ್ಟಿತ್ತು ಅಂತ ಪತ್ತೆಯಾಗಬೇಕು, ಸರಿಹೋಗಬೇಕು. ಅಲ್ಲಿಯವರೆಗೆ ನನ್ನ ಮಗಳನ್ನು ಅದಕ್ಕೆ ಹತ್ತಿಸುವುದಿಲ್ಲ."

ನ್ಯಾಯವಾದ ಮಾತು. ಮಾರನೆಯ ದಿನವೇ ಕೆಲಸಕ್ಕೆ ಇಳಿದೆ.

ಮೊದಲು ನಾನೇ ಕೈಹಾಕಿದೆ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಕೂತು ರಸ್ತೆಗಳ ನಕ್ಷೆ ಬಿಡಿಸಿದವನಿಗೆ ಒಂದು ವಾಲ್ವು ಯಾವ ಲೆಕ್ಕ? ಗಾಡಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಒಂದು ಕಾಲನ್ನು ಚಕ್ರಕ್ಕೆ ಕೊಟ್ಟು, ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬಂತು. ವಾಲ್ವಲ್ಲ, ಹಿಡಿ. ನಾನು ಅಂಗಾತ ಬಿದ್ದು ಆಕಾಶ ನೋಡಿದೆ. ಎದುರು ಮನೆಯ ಟೈಲರ್ ಕಿಟಕಿಯಿಂದ "ಏನ್ ಸಾರ್, ಯೋಗಾಸನವಾ?" ಎಂದ. "ಹೌದಪ್ಪಾ, ಇದು ಗಾಡಿಯಾಸನ" ಎಂದೆ.

ಆಮೇಲೆ ಗ್ಯಾರೇಜಿಗೆ ಹೇಳಿಕಳಿಸಿದೆ. ಆ ಗ್ಯಾರೇಜಿನ ಯಜಮಾನಿಯನ್ನು ಎಲ್ಲರೂ ಸ್ಪ್ಯಾನರಮ್ಮ ಎನ್ನುತ್ತಾರೆ, ಆಕೆಯೂ ಅದಕ್ಕೇ ಓಗೊಡುತ್ತಾಳೆ. ಐವತ್ತರ ಆಸುಪಾಸಿನ ಹೆಂಗಸು, ಮೊಣಕೈವರೆಗೆ ಗ್ರೀಸು, ಕಿವಿಯ ಹಿಂದೆ ಪೆನ್ಸಿಲು. ಬಂದವಳು ನನ್ನ ಕೈಯಲ್ಲಿದ್ದ ಹಿಡಿಯನ್ನು ನೋಡಿ, "ಎಳೀತಾರೇನ್ರೀ ಯಜಮಾನ್ರೇ, ಅದೇನು ಹಲ್ಲಾ?" ಎಂದಳು.

ಆಕೆಯ ಕೆಲಸದ ರೀತಿಯೇ ಬೇರೆ. ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸೋಪು ಕದಡಿಸಿ ಎರಡು ಬಕೆಟ್ ಸಿಂಕಿನಿಂದ, ಎರಡು ಬಕೆಟ್ ಪಾಯಿಖಾನೆಯಿಂದ ಒಳಗೆ ಬಿಡಿಸಿದಳು. "ಇವತ್ತು ಮುಟ್ಬೇಡಿ. ನೆನೀಲಿ" ಎಂದು ಹೊರಟೇಹೋದಳು. ವಾಲ್ವೆಂದರೆ ಮಹಾ ಏನಿಲ್ಲ, ಒಂದು ತೆಳು ಹಲಗೆ, ರಬ್ಬರಿನ ಎರಡು ತುಟಿಗಳ ನಡುವೆ ಹೋಗಿಬರುತ್ತದೆ. ಕೊಳೆ ಒಣಗಿ ಆ ತುಟಿಗಳನ್ನು ಅಂಟಿಸಿಬಿಟ್ಟಿತ್ತು. ಮಾರನೆಯ ದಿನ ಆಕೆ ಮಲಗಿಕೊಂಡು ಕೆಳಗೆ ತೆವಳಿ, ಎಣ್ಣೆ ಬಿಟ್ಟು, ಕೂದಲೆಳೆಯಷ್ಟು ಎಳೆದಳು, ಮತ್ತೆ ಒಳಗೆ ತಳ್ಳಿದಳು, ಮತ್ತೆ ಎಳೆದಳು. ಮಗುವಿನ ಮುಷ್ಟಿ ಬಿಡಿಸಿದ ಹಾಗೆ. ಬಚ್ಚಲ ನೀರಿನದು ತೆರೆದುಕೊಂಡಿತು. ಇನ್ನೊಂದರಲ್ಲಿ ವಾಲ್ವಿನ ತಪ್ಪೇ ಇರಲಿಲ್ಲ, ಹಿಡಿಯಿಂದ ವಾಲ್ವಿನವರೆಗೆ ಹೋಗುವ ತಂತಿ ತುಕ್ಕು ಹಿಡಿದು ಕೊಳವೆಯೊಳಗೇ ಸಿಕ್ಕಿಕೊಂಡಿತ್ತು. ತಂತಿ ಬದಲಾಯಿಸಿದ್ದಾಯಿತು.

ಒಂದು ವಿಷಯ ಬರೆಯಲೇಬೇಕು. ನಾನೂ ನಿನ್ನಮ್ಮನೂ ಟ್ಯಾಂಕು ಖಾಲಿ ಮಾಡುತ್ತಿದ್ದ ರೀತಿ ನಿನಗೆ ಗೊತ್ತಿಲ್ಲ. ನಾನು ಕೆಳಗೆ ಪೈಪು ಹಿಡಿದುಕೊಂಡಿರುತ್ತಿದ್ದೆ. ಅವಳು ಒಳಗೆ ನೀರು ಬಿಡುತ್ತ ಟ್ಯಾಂಕಿನಲ್ಲಿ ಇನ್ನೂ ಇದೆ ಎಂದು ತೋರಿಸುವ ದೀಪ ನೋಡುತ್ತಿದ್ದಳು. ದೀಪ ಆರಿದ ಕೂಡಲೇ ಸೌಟಿನ ಹಿಡಿಯಿಂದ ನೆಲಕ್ಕೆ ಎರಡು ಸಲ ಕುಟ್ಟಬೇಕು. ಅಂದರೆ ಖಾಲಿಯಾಯಿತು, ಮುಚ್ಚಿ ಎಂದರ್ಥ. ಒಂದು ಸಲ ಕುಟ್ಟಿದರೆ ಕಾಫಿ ರೆಡಿ ಎಂದು. ತಂತಿ ಬದಲಾಯಿಸಿದ ದಿನ ನೀರೆಲ್ಲ ಹರಿದುಹೋದ ಮೇಲೂ ನಾನು ಪೈಪು ಹಿಡಿದುಕೊಂಡು ಕೂತೇ ಇದ್ದೆ. "ಯಾಕ್ ಮುಚ್ತಿಲ್ಲ? ಹನಿ ಕೂಡ ಬರ್ತಿಲ್ವಲ್ಲ" ಎಂದಳು ಸ್ಪ್ಯಾನರಮ್ಮ. ಹೇಳಿದೆ. ಆಕೆ ಮೆಟ್ಟಿಲು ಹತ್ತಿ ಒಳಗೆ ಹೋಗಿ ಬೂಟುಗಾಲಿನಿಂದ ಎರಡು ಸಲ ಧಬಧಬ ಎಂದು ತುಳಿದಳು. ಕಪಾಟಿನ ತಟ್ಟೆಗಳೆಲ್ಲ ಒಂದೇ ಸಲ ಕುಣಿದವು. ನಾನು ಮುಚ್ಚಿದೆ.

ನೀರಿನ ಪಂಪು ಸುಮ್ಮನೆ ಗುಂಯ್‌ಗುಡುತ್ತಿತ್ತು, ಜಾಲರಿಯಲ್ಲಿ ಕಸ ಸಿಕ್ಕಿಕೊಂಡಿದೆ ಎಂದು ಬಿಚ್ಚಿ ತೊಳೆದೆವು. ಫ್ರಿಜ್ಜಿನ ಬಾಗಿಲ ರಬ್ಬರು ಬದಲಾಯಿತು. ಟೈರು ನೋಡಲು ಚೆನ್ನಾಗಿದ್ದರೂ ಬಿರುಕು ಬಿಟ್ಟಿವೆ ಎಂದಳು, ಆರೂ ಹೊಸದು.

ಇನ್ನು ನೀನು ಕೇಳಿದ್ದು. ಇಂಜಿನ್.

ಆಕೆಯ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿದೆ. ಪ್ರತಿ ಗಾಡಿಗೂ ಒಂದು ಹಾಳೆ, ಹಾಳೆಯಲ್ಲಿ ಮೂರು ಮನೆ. ದೂರು ಏನು, ಸಿಕ್ಕ ದೋಷ ಏನು, ಮಾಡಿದ ಕೆಲಸ ಏನು. ನಡುವಿನ ಮನೆ ತುಂಬದೆ ಆಕೆ ಮೂರನೆಯದಕ್ಕೆ ಪೆನ್ಸಿಲು ಇಡುವುದಿಲ್ಲ. "ದೋಷ ಸಿಗದೆ ರಿಪೇರಿ ಮಾಡಿದ್ರೆ ಅದು ರಿಪೇರಿಯಲ್ಲ, ಜೂಜು" ಎನ್ನುತ್ತಾಳೆ. ದೂರಿನ ಮನೆಯಲ್ಲಿ "ದಾರಿಯಲ್ಲಿ ಕೆಟ್ಟು ನಿಂತಿತು" ಎಂದು ಬರೆಸಿದೆ, ಅದು ನಿನ್ನಮ್ಮ ಹೋಗುವ ಹಿಂದಿನ ದಿನ ಎಂದೂ, ನಿನ್ನ ಷರತ್ತು ಏನೆಂದೂ ಹೇಳಿದೆ.

"ಅವತ್ತು ಏನ್ ಮಾಡ್ತು ಗಾಡಿ? ಕೆಮ್ತಾ? ಬಿಸಿ ಏರ್ತಾ? ಕೀ ತಿರುಗಿಸಿದ್ರೆ ಉಸಿರೇ ಇರ್ಲಿಲ್ವಾ?"

"ಕೆಮ್ಮಿತು" ಎಂದೆ.

ಅರ್ಧ ಗಂಟೆ ಬಿಟ್ಟು, ಬಾನೆಟ್ಟಿನೊಳಗಿಂದಲೇ ಕೇಳಿದಳು, "ಕೆಮ್ಮೋವಾಗ ಬಿಸಿ ತೋರ್ಸೋ ಮುಳ್ಳು ಎಲ್ಲಿತ್ತು?"

"ಸ್ಟಾರ್ಟೇ ಆಗಿರ್ಲಿಲ್ವಲ್ಲಮ್ಮ, ಮುಳ್ಳು ಎಲ್ಲಿ ಏಳುತ್ತೆ?" ಎಂದುಬಿಟ್ಟೆ.

ಆಕೆ ತಲೆ ಹೊರಗೆ ತೆಗೆದಳು. "ಈಗ ತಾನೇ ಕೆಮ್ತು ಅಂದ್ರಿ."

"ವಯಸ್ಸಾಯ್ತು ನೋಡು, ನೆನಪಿರಲ್ಲ."

"ಟ್ಯಾಂಕ್ ಖಾಲಿಯಾದ್ರೆ ಎಷ್ಟು ಸಲ ಕುಟ್ತಿದ್ರು ಅನ್ನೋದು ನೆನಪಿದೆ. ಹೆಂಡ್ತಿ ಹೋಗೋ ಹಿಂದಿನ ದಿನ ಗಾಡಿ ಯಾಕೆ ನಿಂತಿತ್ತು ಅನ್ನೋದು ನೆನಪಿಲ್ಲ" ಎಂದು ತನಗೆ ತಾನೇ ಹೇಳಿಕೊಂಡವಳಂತೆ ಹೇಳಿ ಮತ್ತೆ ಬಾನೆಟ್ಟಿನೊಳಗೆ ಹೋದಳು.

ನಮ್ಮ ಕಾಲೇಜಿನಲ್ಲಿ ತರ್ಕ ಕಲಿಸುತ್ತಿದ್ದ ಮೇಷ್ಟ್ರು "ಬೈ ದಿ ಮೆಥಡ್ ಆಫ್ ಎಲಿಮಿನೇಷನ್" ಎಂದು ಹೇಳಿ ಬೋರ್ಡಿನ ಮೇಲಿದ್ದದ್ದನ್ನು ಒಂದೊಂದಾಗಿ ಅಳಿಸುತ್ತ ಹೋಗುತ್ತಿದ್ದರು. ಕೊನೆಗೆ ಉಳಿಯುವುದೇ ಉತ್ತರ. ಆ ವಾಕ್ಯದ ಉಳಿದ ಅರ್ಧ ಮರೆತುಹೋಗಿದೆ, ಅವರು ಅಳಿಸುತ್ತಿದ್ದ ಕೈ ಮಾತ್ರ ಕಣ್ಣ ಮುಂದಿದೆ. ಸ್ಪ್ಯಾನರಮ್ಮ ಹಾಗೆಯೇ ಅಳಿಸುತ್ತ ಬಂದಳು. ಡೀಸೆಲ್ ಪಂಪು ಅಲ್ಲ. ಫಿಲ್ಟರು ಅಲ್ಲ. ಸೆಲ್ಫ್ ಮೋಟಾರು ಅಲ್ಲ. ಬೆಲ್ಟು, ರೇಡಿಯೇಟರು, ವೈರು, ಫ್ಯೂಸು, ಯಾವುದೂ ಅಲ್ಲ. ಬ್ಯಾಟರಿ ಸತ್ತಿತ್ತು, ಅದು ಈ ಎರಡು ವರ್ಷದ್ದು. ಹಳೆಯ ಡೀಸೆಲ್ ಬಸಿದು ಹೊಸದು ಹಾಕಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡದ ರಸ್ತೆಯಲ್ಲಿ ಮೇಲಿನವರೆಗೆ ಹೋಗಿಬಂದಳು. ಗಾಡಿ ಒಂದು ಸಲವೂ ಮುನಿಸಿಕೊಳ್ಳಲಿಲ್ಲ.

ಇಳಿದ ಮೇಲೆ ಹಾಳೆ ನನ್ನ ಕಡೆ ಚಾಚಿದಳು. ನಡುವಿನ ಮನೆ ಖಾಲಿ. "ಇಪ್ಪತ್ತಾರು ವರ್ಷದಲ್ಲಿ ಇದೇ ಮೊದ್ಲು" ಎಂದಳು. ಆಮೇಲೆ ದನಿ ತಗ್ಗಿಸಿ, "ಮಗಳಿಗೆ ಏನಾದ್ರೂ ತೋರಿಸ್ಲೇಬೇಕು ಅಂದ್ರೆ ಡೀಸೆಲ್ ಪಂಪ್ ಹೋಗಿತ್ತು ಅಂತ ಬರ್ಕೊಡ್ತೀನಿ. ಅಂಗಡೀಲಿ ಹಳೇ ಪಂಪ್ ಬಿದ್ದಿದೆ, ಸಾಕ್ಷಿಗೆ ಇಟ್ಕೊಳ್ಳಿ. ನಿಮ್ಮನೇಲಿ ನೆಮ್ಮದಿ ಆಗೋದಾದ್ರೆ ನನ್ನ ಪದ್ಧತಿ ಒಂದಿನ ಮುರೀತೀನಿ" ಎಂದಳು.

ಮಗಳೇ, ನಾನು ಆಗಲಿ ಎಂದೇ ಹೇಳಬೇಕೆಂದಿದ್ದೆ. ನೀನು ಬರುತ್ತೀಯ, ಚಿಕ್ಕದು ಬರುತ್ತದೆ, ಒಂದು ತುಕ್ಕು ಹಿಡಿದ ಪಂಪಿಗೆ ಅಷ್ಟು ಶಕ್ತಿಯಿದ್ದರೆ ಅದಕ್ಕಿಂತ ಇನ್ನೇನು ಬೇಕು? ಆದರೆ ಆಕೆ ಕಿವಿಯ ಹಿಂದಿನಿಂದ ಪೆನ್ಸಿಲು ತೆಗೆದಾಗ ಆ ಕೈ ಸ್ವಲ್ಪ ಹಿಂಜರಿಯಿತು. ತನ್ನದಲ್ಲದ ಸುಳ್ಳಿಗೆ ಹಿಂಜರಿದ ಕೈ. "ಬೇಡಮ್ಮ, ಖಾಲಿಯೇ ಇರಲಿ" ಎಂದೆ.

ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಇಂಜಿನ್ನಿನಲ್ಲಿ ಯಾವ ದೋಷವೂ ಸಿಗಲಿಲ್ಲ. ಇಷ್ಟು ಬರೆಯಲು ಮೂರು ವಾರ ಬೇಕಾಯಿತು.

ಚಿಕ್ಕದಕ್ಕೆಂದು ಹಿಂದಿನ ಕಿಟಕಿಯ ಪಕ್ಕ ಒಂದು ಪುಟ್ಟ ಮಂಚ ಕೂರಿಸಿದ್ದೇನೆ, ಬೀಳದ ಹಾಗೆ ಅಡ್ಡಪಟ್ಟಿ ಕೊಟ್ಟು. ಕಾಲು ಚಾಚಿದರೆ ಸಾಲದು ಎನ್ನಿಸಿದರೆ ಅದರ ಎತ್ತರ ಅಳೆದು ಬರೆ, ಉದ್ದ ಮಾಡುತ್ತೇನೆ. ಅಳಿಯಂದಿರಿಗೆ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡು ತಿನ್ನಬೇಡ. ಮೂವರೂ ನೂರು ಕಾಲ ನಗುನಗುತ್ತಾ ಇರಿ, ಇದಕ್ಕಿಂತ ದೊಡ್ಡದನ್ನು ಬೇಡಲು ನನಗೆ ಬರುವುದಿಲ್ಲ.

ನಿನ್ನ
ಅಪ್ಪ

ತಾ.ಕ.: ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ.

ಆ ಭಾನುವಾರ ಗಾಡಿ ಕೆಟ್ಟಿರಲಿಲ್ಲ.

ಊರಿಗೆ ಹೊರಡಲೆಂದು ಹಾಸಿಗೆ ಮಡಿಸಿ, ಗ್ಯಾಸು ಮುಚ್ಚಿ, ಕೀ ಹಾಕಿಕೊಂಡು ಸೀಟಿನಲ್ಲಿ ಕೂತಿದ್ದೆ. ನಿನ್ನಮ್ಮ ನಾವು ಬೀಡುಬಿಟ್ಟಿದ್ದ ಕೆರೆಯ ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತವಳು ಏಳಲೇ ಇಲ್ಲ. ಹತ್ತಿರ ಹೋದೆ. "ರೀ, ಇವತ್ತೊಂದಿನ ಇದ್ದುಬಿಡೋಣ. ನಾಳೆ ಸಂಜೆ ಹೋದ್ರೆ ಆಸ್ಪತ್ರೆ ಓಡಿಹೋಗುತ್ತಾ?" ಎಂದಳು. ನಾನು ಡಾಕ್ಟರು ಎಂದೆ, ಆಪರೇಷನ್ ಎಂದೆ, ನಿನ್ನ ಹೆಸರು ಹೇಳಿದೆ. "ಅವಳಿಗೆ ನಿಜ ಹೇಳಿದ್ರೆ ಅಳ್ತಾಳೆ. ಗಾಡಿ ಕೆಟ್ಟಿದೆ ಅಂದುಬಿಡಿ. ಗಾಡಿಗೇನು ಬೇಜಾರಾಗಲ್ಲ" ಎಂದು ನಕ್ಕಳು. ನಾನು ಫೋನ್ ಮಾಡಿದೆ.

ಆಗ ನೀನು ಅಂದದ್ದು ಈಗಲೂ ಕಿವಿಯಲ್ಲಿದೆ. "ಎಲ್ಲಿದ್ದೀರಿ ಹೇಳು, ಈಗ್ಲೇ ಕಾರ್ ತಗೊಂಡು ಬರ್ತೀನಿ." ಬೇಡ, ಮೆಕ್ಯಾನಿಕ್ ಬಂದಿದ್ದಾನೆ ಎಂದವನು ನಾನು. ಆ ಮಾತು ಅವಳು ಹೇಳಿಕೊಟ್ಟದ್ದಲ್ಲ. ಅದು ನನ್ನ ಸ್ವಂತದ್ದು. ನನಗೂ ಆ ಒಂದು ದಿನ ಬೇಕಾಗಿತ್ತು.

ಆ ದಿನ ನಾವು ಏನೂ ಮಾಡಲಿಲ್ಲ. ಅವಳು ತಲೆ ತೊಳೆದುಕೊಂಡಳು, ನಾನು ನೀರು ಹೊಯ್ದೆ. ಬಿಸಿಲಿನಲ್ಲಿ ಕೂದಲು ಹರಡಿಕೊಂಡು, ನೀನು ಮೂರು ವರ್ಷದವಳಿದ್ದಾಗ ಚಪ್ಪಲಿಯನ್ನು ಎಡಬಲ ಮಾಡಿ ಹಾಕಿಕೊಂಡು ಹಾಗೇ ಸರಿ ಎಂದು ಹಟ ಹಿಡಿದದ್ದನ್ನು ಹೇಳಿ ಹೇಳಿ ನಕ್ಕಳು. ಸೋಮವಾರ ಬೆಳಿಗ್ಗೆ ಕಾಫಿ ಮಾಡಿ ಎಬ್ಬಿಸಿದೆ, ಏಳಲಿಲ್ಲ. ಕೀ ತಿರುಗಿಸಿದೆ. ಗಾಡಿ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ನೀನು ಆಸ್ಪತ್ರೆಯ ಬಾಗಿಲಲ್ಲಿ "ಈಗ ಹೇಗೆ ಓಡಿತು?" ಎಂದು ಕಿರುಚಿದೆಯಲ್ಲ, ಆಗ ಮೆಕ್ಯಾನಿಕ್ ನಸುಕಿನಲ್ಲಿ ಸರಿಮಾಡಿ ಹೋದ ಎಂದೆ. ಯಾವ ಮೆಕ್ಯಾನಿಕ್ಕೂ ಇರಲಿಲ್ಲ.

ಹಿಂದಿನ ಸಂಜೆಯೇ ಊರಿಗೆ ಕರೆತಂದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಆಮೇಲೆ ಅಂದರು. ಅದನ್ನು ನನ್ನ ಪರವಾಗಿ ಬರೆಯುತ್ತಿಲ್ಲ, ನಿನಗೆ ಗೊತ್ತಿರಲಿ ಎಂದು. ನಿನಗೆ ಅವಳ ಹತ್ತಿರ ಇರಲು ಒಂದು ರಾತ್ರಿ ಸಿಗುತ್ತಿತ್ತು, ಅದನ್ನು ನಾನು ಇಟ್ಟುಕೊಂಡೆ. ಎರಡು ವರ್ಷ ನೀನು ಒಂದು ಗಾಡಿಯ ಮೇಲೆ ಸಿಟ್ಟು ಮಾಡಿದೆ, ನಾನು ಪಕ್ಕದಲ್ಲೇ ನಿಂತು ನೋಡಿದೆ.

ರಜೆಗೆ ಬರುವುದು ಬಿಡುವುದು ನಿನಗೆ ಸೇರಿದ್ದು. ಅಮ್ಮನ ಮೇಲೆ ಸಿಟ್ಟಾಗಬೇಡ, ಅವಳು ಬೇಡಿದ್ದು ಒಂದೇ ಒಂದು ದಿನ. ನನ್ನ ಮೇಲೆ ಆಗು. ನಾನು ಇನ್ನೂ ಇದ್ದೇನೆ, ಬಂದು ಎದುರಿಗೆ ನಿಂತು ಬೈಯಬಹುದು.

ಕಿಟಕಿಯ ಬೆಳಕು ಹೋಗುತ್ತಿದೆ. ಈ ಸಾಲು ಮೇಲಿನ ಸಾಲಿನ ಮೇಲೇ ಬಿತ್ತೇನೋ, ಕಾಣಿಸುತ್ತಿಲ್ಲ. ನಿಲ್ಲಿಸುತ್ತೇನೆ.